ಅಮೆರಿಕದ ಮೊಂಟಾನಾ ರಾಜ್ಯದ ಬಿಗ್ ಹೋಲ್ ಕಣಿವೆಯ ಕಾಲುವೆ ಎಷ್ಟು ಹಳೆಯದು? ಅತಿ ಹಳೆಯ ಭೂನಕ್ಷೆ ಹೇಳೀತೇ?

ಹೇಳುವುದಿಲ್ಲ. ಅದನ್ನು ಹುಡುಕುವುದನ್ನು ಬಿಡಿ ಎಂದೇ ಹೇಳುತ್ತೇನೆ, ಏಕೆಂದರೆ ಇದೇ ಪ್ರಶ್ನೆ ಹಿಡಿದು ನಾನೂ ಅಲೆದವನು. ಮೊಂಟಾನಾದಲ್ಲಿ ಓದುತ್ತಿದ್ದಾಗ, ವಿಸ್ಡಮ್ ಊರಿನ ಬಳಿ ದನ ಸಾಕುವ ಕುಟುಂಬವೊಂದಕ್ಕೆ ಅವರ ಕಾಲುವೆಯ ಇತಿಹಾಸ ಬರೆದುಕೊಡಲು ಒಪ್ಪಿದ್ದೆ. ಹತ್ತು ಸಾವಿರ ಬಣವೆಗಳ ಕಣಿವೆ ಎಂದೇ ಹೆಸರಾದ ಜಾಗ ಅದು. ಹುಲ್ಲು ಬೆಳೆಯುವುದು ಕಾಲುವೆ ನೀರಿನಿಂದ. ನೀರಿನ ಹಕ್ಕು ಮೊದಲು ಬಳಸಿದವರಿಗೇ ಮೊದಲು. ಹೊಳೆ ಸೊರಗಿದಾಗ ಯಾರ ಗದ್ದೆಗೆ ನೀರು ಎಂಬುದನ್ನು ಕಾಲುವೆ ತೋಡಿದ ವರ್ಷ ತೀರ್ಮಾನಿಸುತ್ತದೆ.

ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಹಳೆಯ ನಕ್ಷೆಗಳು ಟೋಪೋವ್ಯೂ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಹತ್ತೊಂಬತ್ತನೆಯ ಶತಮಾನದ ಹಾಳೆ ತೆಗೆದೆ. ಕಾಲುವೆ ಕಾಣಲಿಲ್ಲ. ‘ಆಗ ಕಾಲುವೆ ಇರಲಿಲ್ಲ’ ಎಂದು ಬರೆದುಬಿಟ್ಟೆ.

ಎಡವಿದ್ದು ಇಲ್ಲೇ. ಆ ಹಾಳೆಯ ಪ್ರಮಾಣ 1:2,50,000. ಅಂದರೆ ಕಾಗದದ ಒಂದು ಮಿಲಿಮೀಟರ್ ನೆಲದ ಮೇಲೆ 250 ಮೀಟರ್. ಎರಡು ಮೀಟರ್ ಅಗಲದ ಕಾಲುವೆ ಅಲ್ಲಿ ಮಿಲಿಮೀಟರಿನ ನೂರನೇ ಒಂದು ಭಾಗವೂ ಆಗದು. ಮುಖ್ಯವಾದ ನಾಲೆಯಾದರೆ ಗೆರೆಯನ್ನು ದಪ್ಪ ಮಾಡಿಯಾದರೂ ಬಿಡಿಸುತ್ತಿದ್ದರು. ಒಂದು ಮನೆಯ ಕಾಲುವೆಯನ್ನು ಅಷ್ಟಕ್ಕೆ ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಬೆಟ್ಟ, ಹೊಳೆ, ದಾರಿ ತೋರಿಸಲು ಮಾಡಿದ ಹಾಳೆಯ ಮೌನವನ್ನು ನಾನು ಸಾಕ್ಷಿಯಾಗಿಸಿದ್ದೆ. ನನ್ನನ್ನು ನಂಬಿದವರ ಹಕ್ಕಿಗೇ ನನ್ನ ವರದಿ ಅಡ್ಡ ನಿಂತಿತು. ಅವರು ಮತ್ತೆ ನನ್ನೊಂದಿಗೆ ಮಾತನಾಡಲಿಲ್ಲ. ಅದು ಇಂದಿಗೂ ನೋಯಿಸುತ್ತದೆ.

ನೀವು ಹೆಚ್ಚು ವಿವರ ತೋರಿಸುವ 1:24,000 ಪ್ರಮಾಣದ ಹಾಳೆ ತೆಗೆದುಕೊಳ್ಳಿ, ಅದು ಎಷ್ಟೇ ಹೊಸದಾಗಿರಲಿ. ಅದರಿಂದ ಕಾಲುವೆ ಇರುವ ಜಾಗದ, ನೆಲವನ್ನು ಚೌಕಗಳಾಗಿ ಹಂಚಿ ಗುರುತಿಸುವ ಟೌನ್‌ಷಿಪ್, ರೇಂಜ್, ಸೆಕ್ಷನ್ ಸಂಖ್ಯೆ ಬರೆದುಕೊಳ್ಳಿ. ಆ ಸಂಖ್ಯೆ ಹಿಡಿದು, ಹಿಂದೆ ಸರ್ಕಾರಿ ನೆಲವನ್ನು ಅಳೆಸುತ್ತಿದ್ದ ಜನರಲ್ ಲ್ಯಾಂಡ್ ಆಫೀಸಿನ ಮೋಜಣಿ ಟಿಪ್ಪಣಿಗಳನ್ನು ತೆರೆಯಿರಿ. ಮೋಜಣಿದಾರರು 66 ಅಡಿಯ ಸರಪಳಿ ಎಳೆಯುತ್ತಾ ಸೆಕ್ಷನ್ ಗಡಿಯಲ್ಲಿ ನಡೆದು, ದಾಟಿದ ಹೊಳೆ, ದಾರಿ, ಕಾಲುವೆಗಳನ್ನು ಎಷ್ಟನೆಯ ಸರಪಳಿಗೆ ಸಿಕ್ಕಿತೆಂಬ ಲೆಕ್ಕದೊಡನೆ ಬರೆದಿದ್ದಾರೆ. ಆದರೆ ಗಡಿಗಳ ನಡುವೆ ಒಂದು ಮೈಲಿ ಅಂತರವಿದೆ. ಗಡಿ ಮುಟ್ಟದ ಕಾಲುವೆ ಅಲ್ಲಿಯೂ ಸಿಗದಿರಬಹುದು. ಹಾಗಾದಾಗ ‘ಇರಲಿಲ್ಲ’ ಎಂದು ಬರೆಯಬೇಡಿ. ಮೊಂಟಾನಾ ರಾಜ್ಯವು 1940ರ ದಶಕದಿಂದ ಕೌಂಟಿವಾರು ಪ್ರಕಟಿಸಿದ ಜಲಸಂಪನ್ಮೂಲ ಸಮೀಕ್ಷೆಯ ಪುಸ್ತಕಗಳಲ್ಲಿ ನಿಮ್ಮ ಕೌಂಟಿಯದು ಇದ್ದರೆ ತರಿಸಿಕೊಳ್ಳಿ. ನೀರಾವರಿ ಜಮೀನು, ಕಾಲುವೆಗಳನ್ನು ಗುರುತಿಸಲೆಂದೇ ಮಾಡಿದ ನಕ್ಷೆಗಳು ಅದರಲ್ಲಿವೆ.