ಓದುಗರ ಪ್ರಶ್ನೆ: ವಸಂತದಲ್ಲಿ ಜರ್ಮನಿಗೆ ಬರುವವರಿಗೆ

(ಜರ್ಮನಿಯ ಸ್ಟುಟ್‌ಗಾರ್ಟ್ ಪಕ್ಕದ ಎಸ್ಲಿಂಗೆನ್‌ನಲ್ಲಿ ಗಂಡ, ಇಬ್ಬರು ಮಕ್ಕಳ ಜೊತೆ ನೆಲೆಸಿರುವ ನಮ್ಮ ಅಂಕಣಗಾರ್ತಿ ಈ ಸಲ ವಸಂತದ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.)

ಏಪ್ರಿಲ್‌ನಲ್ಲಿ ಮೊದಲ ಸಲ ಮಗಳ ಮನೆಗೆ, ಸ್ಟುಟ್‌ಗಾರ್ಟ್‌ಗೆ ಹೊರಟಿದ್ದೇವೆ. ಯಜಮಾನರಿಗೆ 70 ವರ್ಷ. ಚಳಿ ತಡೆಯುತ್ತೇವಾ? ಏನೇನು ತರಬಹುದು?
– ಓದುಗರೊಬ್ಬರು, ಹಾಸನ

ಖಂಡಿತ ತಡೆಯುತ್ತೀರಿ. ಆದರೆ ಇಲ್ಲಿಯ ಏಪ್ರಿಲ್ ಯಾರ ಮಾತೂ ಕೇಳುವುದಿಲ್ಲ. ಬೆಳಿಗ್ಗೆ ಕಾರಿನ ಗಾಜಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿರುತ್ತದೆ. ಮಧ್ಯಾಹ್ನ ಸ್ವೆಟರ್ ಬಿಚ್ಚಿ ಕೈಯಲ್ಲಿ ಹಿಡಿದು ನಡೆಯುತ್ತೇವೆ. ಸಂಜೆ ಆಲಿಕಲ್ಲು! ಅದಕ್ಕೇ ದಪ್ಪ ಕೋಟಿಗೆ ದುಡ್ಡು ಹಾಕಬೇಡಿ. ಒಳಗೆ ಥರ್ಮಲ್, ಮೇಲೊಂದು ಸ್ವೆಟರ್, ಅದರ ಮೇಲೆ ಗಾಳಿ ಮಳೆ ತಡೆಯುವ ತೆಳು ಜಾಕೆಟ್ ಇದ್ದರೆ ಸಾಕು. ಸೀರೆ ಉಡುವವರಾದರೆ ಒಳಗೆ ಉಣ್ಣೆಯ ಲೆಗ್ಗಿಂಗ್ಸ್ ಹಾಕಿಕೊಳ್ಳಿ. ಚಪ್ಪಲಿ ಬೇಡ, ಶೂ ಇರಲಿ. ಹಳೇ ಊರುಗಳಲ್ಲಿ ಕಲ್ಲು ಹಾಸಿದ ಬೀದಿಗಳೇ ಜಾಸ್ತಿ, ಮಳೆ ಬಂದರೆ ಜಾರುತ್ತವೆ.

ತುಪ್ಪ, ಪೇಡ ಕಟ್ಟಿಕೊಳ್ಳಬೇಡಿ. ಹಾಲಿನ ಪದಾರ್ಥ, ಮಾಂಸದ ಪದಾರ್ಥಗಳನ್ನು ಭಾರತದಿಂದ ತರಲು ಐರೋಪ್ಯ ಒಕ್ಕೂಟದಲ್ಲಿ ಅನುಮತಿ ಇಲ್ಲ. ಸಿಕ್ಕಿದರೆ ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ, ಅಷ್ಟು ದೂರ ಹೊತ್ತು ತಂದದ್ದು ಕಸದ ಬುಟ್ಟಿಗೆ ಹೋಗುವುದನ್ನು ನೋಡಲಾಗುವುದಿಲ್ಲ. ಸಾರಿನ ಪುಡಿ, ಮೆಂತ್ಯದ ಹಿಟ್ಟು, ಹಪ್ಪಳ, ಸಂಡಿಗೆ ಧಾರಾಳವಾಗಿ ತನ್ನಿ. ಮಾತ್ರೆಗಳ ಜೊತೆ ಡಾಕ್ಟರ ಚೀಟಿ ಇರಲಿ. ಉಬ್ಬಸ ಇದ್ದವರು ಇನ್‌ಹೇಲರ್ ಮರೆಯಬಾರದು, ಏಪ್ರಿಲ್‌ನಲ್ಲಿ ಬರ್ಚ್ ಮರದ ಪರಾಗ ಗಾಳಿಯ ತುಂಬ ಇರುತ್ತದೆ.

ಈಸ್ಟರ್ ಹೊತ್ತಿಗೆ ಬರುವುದಾದರೆ ಮಗಳಿಗೆ ಮೊದಲೇ ಸಾಮಾನು ತಂದಿಡಲು ಹೇಳಿ. ಗುಡ್ ಫ್ರೈಡೆ, ಭಾನುವಾರ, ಸೋಮವಾರ ಮೂರೂ ದಿನ ಅಂಗಡಿ ಬಂದ್. ನಡುವೆ ಶನಿವಾರ ಒಂದೇ ತೆರೆದಿರುತ್ತದೆ, ಅವತ್ತು ಊರಿಗೆ ಊರೇ ಅಲ್ಲಿರುತ್ತದೆ.

ಇನ್ನೊಂದು ವಿಷಯ. ಮಾರ್ಚ್‌ನ ಕೊನೆಯ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಆಮೇಲೆ ರಾತ್ರಿ ಎಂಟಕ್ಕೂ ಬೆಳಕು, ಮೇ ಕೊನೆಗೆ ಒಂಬತ್ತಕ್ಕೂ ಬೆಳಕು. ನಮ್ಮತ್ತೆ ಬಂದಾಗ ‘ದೀಪ ಹಚ್ಚೋದು ಯಾವಾಗಲೇ?’ ಅಂತ ದಿನಾ ಕಿಟಕಿ ಹತ್ತಿರ ನಿಂತು ಕೇಳುತ್ತಿದ್ದರು. ಕೊನೆಗೆ ಬೆಳಕಿದ್ದರೂ ಸರಿ, ಏಳಕ್ಕೆ ಅಂತ ತಾವೇ ನಿಗದಿ ಮಾಡಿಕೊಂಡರು. ಯಜಮಾನರ ರಾತ್ರಿಯ ಮಾತ್ರೆಗೂ ಹೀಗೇ ಗಡಿಯಾರ ನೋಡಿ, ಆಕಾಶ ನೋಡಬೇಡಿ.

ನಾವು ನಾಲ್ವರು ಮೇ ತಿಂಗಳಲ್ಲಿ 12 ದಿನಕ್ಕೆ ಏಳು ದೇಶ ನೋಡುವ ಯೋಜನೆ ಹಾಕಿದ್ದೇವೆ. ಸಸ್ಯಾಹಾರಿಗಳು. ಸಲಹೆ ಕೊಡಿ.
– ಓದುಗರೊಬ್ಬರು, ಬೆಂಗಳೂರು

ದಯವಿಟ್ಟು ಬೇಡ. ಏಳು ದೇಶದ ರೈಲು ನಿಲ್ದಾಣ ನೋಡಿ ವಾಪಸ್ ಹೋಗುತ್ತೀರಿ, ಅಷ್ಟೆ. ಇಲ್ಲಿಯ ವಸಂತ ಓಡುವವರಿಗೆ ಕಾಣುವುದಿಲ್ಲ. ಚೆರಿ ಮರ ಹೂ ಬಿಡುವುದೇ ಒಂದೆರಡು ವಾರ, ಅದರ ಕೆಳಗೆ ಒಂದು ಮಧ್ಯಾಹ್ನ ಸುಮ್ನೆ ಕೂರಬೇಕು.

ಒಂದು ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿಯಿರಿ. ಅಲ್ಲಿಂದ ದಿನಕ್ಕೊಂದು ಊರು. ಡಾಯ್ಚ್‌ಲಾಂಡ್ ಟಿಕೆಟ್ ಅಂತ ತಿಂಗಳ ಪಾಸ್ ಇದೆ. 2023ರ ಮೇನಲ್ಲಿ 49 ಯೂರೋಗೆ ಶುರುವಾಯಿತು, ಈಗ 63. ದೇಶದ ಎಲ್ಲ ಸ್ಥಳೀಯ ರೈಲು, ಬಸ್, ಟ್ರಾಮ್‌ಗೂ ನಡೆಯುತ್ತದೆ, ಐಸಿಇ, ಐಸಿಯಂಥ ದೂರದ ವೇಗದ ರೈಲುಗಳಿಗೆ ಮಾತ್ರ ಇಲ್ಲ. ಅದು ಚಂದಾ ಪದ್ಧತಿ. ಆ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳ ದುಡ್ಡೂ ಹೋಗುತ್ತದೆ.

ಟುಲಿಪ್ ನೋಡಲೇಬೇಕು ಅಂತಿದ್ದರೆ ನೆದರ್‌ಲ್ಯಾಂಡ್ಸಿನ ಕ್ಯೂಕೆನ್‌ಹಾಫ್ ಇದೆ. ಸುಮಾರು 70 ಲಕ್ಷ ಗೆಡ್ಡೆ ನೆಡುವ ತೋಟ, ಚೆನ್ನಾಗಿಯೇ ಇದೆ. ಆದರೆ ಮೇ ಮಧ್ಯಕ್ಕೆ ಬಾಗಿಲು ಹಾಕುತ್ತದೆ, ಜನವೂ ವಿಪರೀತ. ನನ್ನ ಮನಸ್ಸು ಜರ್ಮನಿಯ ದಕ್ಷಿಣ ಗಡಿಯಲ್ಲಿರುವ ಬೋಡನ್‌ಸೀ ಸರೋವರದ ಮೈನಾವ್ ದ್ವೀಪದ ಕಡೆಗೆ. 45 ಹೆಕ್ಟೇರ್ ಹೂದೋಟ, ಸೇತುವೆ ಮೇಲೆ ನಡೆದೇ ಹೋಗಬಹುದು. ಮೋಡ ಇಲ್ಲದ ದಿನ ನೀರಿನಾಚೆ ಆಲ್ಪ್ಸ್‌ನ ಹಿಮ ಕಾಣುತ್ತದೆ.

ಊಟದ ಚಿಂತೆ ಬಿಡಿ. ಮೇ ಅಂದರೆ ಶ್ಪಾರ್ಗೆಲ್ ಕಾಲ, ಅಂದರೆ ಮಣ್ಣಿನೊಳಗೇ ಬೆಳೆಸುವ ಬಿಳಿ ಆಸ್ಪರಾಗಸ್. ಬೇಯಿಸಿದ ಆಲೂಗಡ್ಡೆ, ಬೆಣ್ಣೆ ಜೊತೆ ಕೊಡುತ್ತಾರೆ. ಸಾಸ್‌ನಲ್ಲಿ ಮೊಟ್ಟೆ, ಪಕ್ಕದಲ್ಲಿ ಹಂದಿಮಾಂಸ ಬರುವುದು ಸಾಮಾನ್ಯ, ಮೊದಲೇ ಕೇಳಿ. ಜೂನ್ 24ಕ್ಕೆ ಕೊಯ್ಲು ನಿಲ್ಲಿಸುತ್ತಾರೆ, ಮುಂದಿನ ವರ್ಷದ ಬೆಳೆಗೆ ಗಿಡ ಸುಧಾರಿಸಿಕೊಳ್ಳಲಿ ಅಂತ.

ಕಿಟ್ಟೆಲ್ ಅವರ ಊರು ನಿಮಗೆ ಹತ್ತಿರವಂತೆ, ನಿಜವೇ? ಮಕ್ಕಳಿಗೆ ತೋರಿಸುವಂಥದ್ದು ಏನಾದರೂ ಇದೆಯೇ?
– ನಿವೃತ್ತ ಶಿಕ್ಷಕಿ, ಮೈಸೂರು

ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ದೊಡ್ಡ ನಮಸ್ಕಾರ. ಫರ್ಡಿನಾಂಡ್ ಕಿಟ್ಟೆಲ್ ಹುಟ್ಟಿದ್ದು ಉತ್ತರ ಜರ್ಮನಿಯ ಸಮುದ್ರದ ಕಡೆ. ತೀರಿಕೊಂಡದ್ದು 1903ರಲ್ಲಿ, ನಮ್ಮೂರಿಂದ ರೈಲಿನಲ್ಲಿ ಒಂದು ಗಂಟೆಯೊಳಗೆ ಸಿಗುವ ಟ್ಯೂಬಿಂಗೆನ್‌ನಲ್ಲಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ ನಿಘಂಟಿಗಾಗಿ ಅಲ್ಲಿಯ ವಿಶ್ವವಿದ್ಯಾಲಯ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು.

ಅದಕ್ಕಿಂತ ಹತ್ತಿರದವರು ಹರ್ಮನ್ ಮೋಗ್ಲಿಂಗ್. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಡಿಸಿ ಕನ್ನಡಕ್ಕೆ ಮೊದಲ ಪತ್ರಿಕೆ ಕೊಟ್ಟವರು. ಅವರು ಹುಟ್ಟಿದ ಬ್ರಾಕನ್‌ಹೈಮ್ ಕೂಡ ಈ ಸೀಮೆಯದೇ. ಕೊನೆಯುಸಿರೆಳೆದದ್ದು 1881ರಲ್ಲಿ, ನಾನು ದಿನಾ ತರಕಾರಿ ತರುವ ಈ ಎಸ್ಲಿಂಗೆನ್‌ನಲ್ಲಿ! ಇದು ಗೊತ್ತಾದ ಮೇಲೆ ಇಲ್ಲಿಯ ಬೀದಿಗಳಲ್ಲಿ ನಾನು ನಡೆಯುವ ರೀತಿಯೇ ಬೇರೆಯಾಯಿತು.

ಮಕ್ಕಳನ್ನು ನಾವು ಏಪ್ರಿಲ್‌ನಲ್ಲಿ ಟ್ಯೂಬಿಂಗೆನ್‌ಗೆ ಕರೆದೊಯ್ಯುತ್ತೇವೆ. ನೆಕ್ಕರ್ ನದಿಯ ಸೇತುವೆ ಮೇಲೆ ನಿಂತರೆ ಹಳದಿ, ಗುಲಾಬಿ ಬಣ್ಣದ ಮನೆಗಳ ಸಾಲು, ಕೆಳಗೆ ಉದ್ದನೆಯ ಮರದ ದೋಣಿಗಳು. ಹಿಂದೆ ನಿಂತವನು ಉದ್ದ ಗಳ ಊರಿ ನೂಕುತ್ತಾನೆ. ಗಳ ಮೇಲೆತ್ತಿದಾಗ ಅದರಿಂದ ನೀರು ಅವನ ಮೊಣಕೈವರೆಗೂ ಇಳಿಯುತ್ತದೆ, ಮಕ್ಕಳು ಅದನ್ನೇ ನೋಡುತ್ತಾ ಕೂರುತ್ತಾರೆ. ದಂಡೆಯಲ್ಲೊಂದು ಹಳದಿ ಗೋಪುರವಿದೆ. ಕವಿ ಹ್ಯೋಲ್ಡರ್ಲಿನ್ ಕಾಯಿಲೆಯಿಂದ ಬಳಲುತ್ತಾ ದಶಕಗಟ್ಟಲೆ ಬಾಳಿದ ಜಾಗ. ಅವರು ತೀರಿಕೊಂಡದ್ದು 1843ರ ಜೂನ್‌ನಲ್ಲಿ, ಮಂಗಳೂರಿನಲ್ಲಿ ಪತ್ರಿಕೆ ಹೊರಟದ್ದು ಮುಂದಿನ ತಿಂಗಳು. ಮೋಗ್ಲಿಂಗ್ ಓದಿದ್ದು ಇದೇ ಊರಿನಲ್ಲಿ, ಕವಿ ಆ ಗೋಪುರದಲ್ಲಿದ್ದ ಕಾಲದಲ್ಲೇ. ಹೀಗೆ ಹೇಳಿದಾಗ ನನ್ನ ಮಗಳು ‘ಹಾಗಾದ್ರೆ ಅವರು ಕನ್ನಡ ಕಲಿಯೋ ಮೊದಲು ಇದೇ ನದಿ ನೋಡಿದ್ರಾ?’ ಅಂದಳು. ಕನ್ನಡ ನಮ್ಮ ಮನೆಯೊಳಗಿನ ಮಾತು ಮಾತ್ರ ಅಂದುಕೊಂಡಿದ್ದ ಮಗು ಅದು. ಇಲ್ಲಿ ಬೆಳೆಯುವ ಎಲ್ಲ ಕನ್ನಡದ ಮಕ್ಕಳಿಗೂ ಈ ಊರು ತೋರಿಸಬೇಕು ಅಂತ ನನ್ನ ಆಸೆ.

ಮೊಮ್ಮಕ್ಕಳನ್ನು ಯುಗಾದಿಗೆ ಒಂದು ವಾರ ಕಳಿಸಿ ಅಂದರೆ ಮಗ ಆಗಲ್ಲ ಅನ್ನುತ್ತಾನೆ. ಅವನಿಗೆ ಮನಸ್ಸಿಲ್ಲವೇ?
– ಅಜ್ಜಿಯೊಬ್ಬರು, ದಾವಣಗೆರೆ

ಮನಸ್ಸಿದೆ ಅಜ್ಜಿ, ಕಾನೂನು ಬಿಡುತ್ತಿಲ್ಲ. ಇಲ್ಲಿ ಶಾಲೆಗೆ ಹೋಗುವುದು ಕಡ್ಡಾಯ. ರಜೆ ಪಡೆಯದೆ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದರೆ ದಂಡ ಬೀಳಬಹುದು. ಹಬ್ಬದ ದಿನಕ್ಕೆ ಕೇಳಿ ನೋಡಬಹುದು, ವಾರಗಟ್ಟಲೆ ಸಿಗುವುದು ಕಷ್ಟ. ಸ್ಟುಟ್‌ಗಾರ್ಟ್ ಕಡೆ ವಸಂತದಲ್ಲಿ ಎರಡು ರಜೆ ಬರುತ್ತವೆ: ಈಸ್ಟರ್‌ಗೊಂದು, ಅದಾದ ಕೆಲವು ವಾರಕ್ಕೆ ಇನ್ನೊಂದು, ಸುಮಾರು ಎರಡು ವಾರದ್ದು. ಆ ಎರಡನೆಯದಕ್ಕೆ ಕೇಳಿ. ಮಾವಿನಹಣ್ಣಿನ ಕಾಲವೂ ಮುಗಿದಿರುವುದಿಲ್ಲ.

ಲುಡ್ವಿಗ್ಸ್‌ಬುರ್ಗ್‌ಗೆ ಹೊಸದಾಗಿ ಬಂದಿದ್ದೇವೆ. ಕರಿಬೇವಿನ ಗಿಡ ಬಾಲ್ಕನಿಗೆ ಯಾವಾಗ ಇಡಲಿ?

ಮೇ 15 ದಾಟಲಿ. ಮೇ 11ರಿಂದ 15ರವರೆಗಿನ ದಿನಗಳನ್ನು ಇಲ್ಲಿಯವರು ‘ಐಸ್‌ಹೈಲಿಗೆ’, ಅಂದರೆ ಹಿಮದ ಸಂತರು ಅನ್ನುತ್ತಾರೆ, ಒಂದೊಂದು ದಿನಕ್ಕೂ ಒಬ್ಬ ಸಂತರ ಹೆಸರು. ಬಿಸಿಲು ಎಷ್ಟೇ ಇದ್ದರೂ ಆ ರಾತ್ರಿಗಳಲ್ಲಿ ಇಬ್ಬನಿ ಹೆಪ್ಪುಗಟ್ಟುವಷ್ಟು ಚಳಿ ಬೀಳಬಹುದು ಅನ್ನುವುದು ರೈತರ ಹಳೇ ಲೆಕ್ಕ. ನಮ್ಮ ಪಕ್ಕದ ಮನೆಯ ಅಜ್ಜಿ ಟೊಮ್ಯಾಟೊ ಸಸಿಯನ್ನೂ ಅಲ್ಲಿಯವರೆಗೆ ಹೊರಗಿಡುವುದಿಲ್ಲ. ಇಟ್ಟ ಮೇಲೂ ಮೊದಲ ವಾರ ನೆರಳಲ್ಲಿರಲಿ, ನೇರ ಬಿಸಿಲಿಗೆ ಎಲೆ ಸುಡುತ್ತದೆ. ರಾತ್ರಿ ಹತ್ತು ಡಿಗ್ರಿಗಿಂತ ಇಳಿದರೆ ಒಳಗೆ ತನ್ನಿ.