ಓದುಗರ ಪ್ರಶ್ನೆ: ಮೀನು ಎಲ್ಲಿಯದು, ಏಕೆ ಬಂತು?

ಈ ತಿಂಗಳು ಭೀಮಾ ತೀರದಿಂದಲೂ ಬೀದರ್ ಕಡೆಯಿಂದಲೂ ಬಂದ ನಾಲ್ಕು ಪತ್ರಗಳು ಒಂದೇ ವಿಷಯವನ್ನು ಕುರಿತವಾದ್ದರಿಂದ ಅವುಗಳಿಗೆ ಒಟ್ಟಾಗಿ ಉತ್ತರಿಸಿದ್ದೇವೆ.

ಪ್ರಶ್ನೆ: ನಾನು ಚಿಕ್ಕವನಿದ್ದಾಗ ನಮ್ಮೂರ ಹೊಳೆಯಲ್ಲಿ ಬಲೆ ಬೀಸಿದರೆ ಹತ್ತು ಬಗೆಯ ಮೀನು ಸಿಗುತ್ತಿದ್ದವು. ಈಗ ಭೀಮೆಯ ಸೊನ್ನ ಬ್ಯಾರೇಜಿನ ಹಿನ್ನೀರಿನಲ್ಲಿ ಜಿಲೇಬಿ ಮೀನೇ ಹೆಚ್ಚು. ಬಿಸಿಲು ಏರಿ ಹಳೆಯ ಮೀನುಗಳು ಬೇರೆಡೆಗೆ ಹೋದವೆಂದು ಕೆಲವರು ಹೇಳುತ್ತಾರೆ. ಮೀನಿನ ವಂಶವಾಹಿ ಪರೀಕ್ಷಿಸಿ ಇದನ್ನು ಖಚಿತಪಡಿಸಬಹುದೆಂದು ಓದಿದೆ. ನಿಜವೇ?
– ಓದುಗರೊಬ್ಬರು, ಅಫಜಲಪುರ

ಉತ್ತರ: ಅರ್ಧ ನಿಜ. ಒಂದು ಮೀನು ಯಾವ ನೀರಿನ, ಯಾವ ಸಂತತಿಯದೆಂದು ಡಿಎನ್‌ಎ ಹೇಳಬಲ್ಲುದು. ಅದು ಏಕೆ ಬಂತೆಂಬುದನ್ನು ತಾನೊಂದೇ ಹೇಳಲಾರದು. ಒಂದೇ ಜಾತಿಯ ಮೀನುಗಳು ಬೇರೆ ಬೇರೆ ನೀರಿನಲ್ಲಿ ತಲೆತಲಾಂತರದಿಂದ ತತ್ತಿಯಿಡುತ್ತ ಬಂದರೆ ಅವುಗಳ ಡಿಎನ್‌ಎಯಲ್ಲಿ ಸಣ್ಣಪುಟ್ಟ ವ್ಯತ್ಯಾಸಗಳು ಕೂಡಿಕೊಳ್ಳುತ್ತವೆ. ಮಂಗಳೂರಿನ ಪೇಟೆಯಲ್ಲಿ ಯಾರೋ ‘ಹಿಂಗ್ಯಾಕ್ರೀ’ ಎಂದರೆ ಅವರು ನಮ್ಮ ಕಡೆಯವರೆಂದು ತಿಳಿಯುತ್ತದೆ, ಆದರೆ ಆ ಒಂದು ಮಾತಿನಿಂದ ಕಲಬುರಗಿಯವರೋ ವಿಜಯಪುರದವರೋ ಎಂದು ಹೇಳಲಾಗದು. ಹತ್ತು ನಿಮಿಷ ಮಾತಾಡಿಸಿದರೆ ಹೇಳಬಹುದು. ವಿಜ್ಞಾನಿಗಳೂ ಹಾಗೆಯೇ ಒಂದೆರಡು ಗುರುತುಗಳನ್ನು ನೆಚ್ಚಿ ಕೂಡದೆ, ನೂರಾರು, ಕೆಲವೊಮ್ಮೆ ಸಾವಿರಾರು ಗುರುತುಗಳನ್ನು ಒಟ್ಟಿಗೆ ನೋಡಿ, ಆ ಮೀನು ಯಾವ ಸಂತತಿಗೆ ಸೇರಿರುವ ಸಂಭವ ಎಷ್ಟೆಂದು ಲೆಕ್ಕ ಹಾಕುತ್ತಾರೆ.

ಎರಡು ಸಂತತಿಗಳ ನಡುವಿನ ವ್ಯತ್ಯಾಸ ದೊಡ್ಡದಿದ್ದಲ್ಲಿ ಕೆಲಸ ಸುಲಭ. ನಾರ್ವೆಯ ಲೊಫೋಟೆನ್ ಕಡಲಿಗೆ ಪ್ರತಿವರ್ಷ ಚಳಿಗಾಲದ ಕೊನೆಗೆ ಉತ್ತರ ಧ್ರುವದ ಕಡೆಯಿಂದ ‘ಕಾಡ್’ ಎಂಬ ಕಡಲ ಮೀನುಗಳು ತತ್ತಿಯಿಡಲು ಬರುತ್ತವೆ. ಅಲ್ಲಿಯೇ ನೆಲೆಸಿದ ಕರಾವಳಿಯ ಕಾಡ್ ಸಂತತಿಯೂ ಉಂಟು, ಅದರ ಸ್ಥಿತಿ ಚೆನ್ನಾಗಿಲ್ಲ. ಬಲೆಗೆ ಬಿದ್ದಾಗ ಎರಡನ್ನೂ ಕಣ್ಣಳತೆಯಲ್ಲಿ ಬೇರ್ಪಡಿಸುವುದು ಕಷ್ಟ. ಆದ್ದರಿಂದ 2009ರಿಂದ ಅಲ್ಲಿನ ಸಾಗರ ಸಂಶೋಧನಾ ಸಂಸ್ಥೆಯು ಹಿಡಿದ ಮೀನುಗಳ ಮಾದರಿಯಲ್ಲಿ ಒಂದು ನಿರ್ದಿಷ್ಟ ವಂಶವಾಹಿಯನ್ನು ಪರೀಕ್ಷಿಸುತ್ತ ಬಂದಿದೆ. ಹೊರಗಿನಿಂದ ಬಂದವು ಹೆಚ್ಚಿದ್ದರೆ ಮೀನುಗಾರಿಕೆಗೆ ಅನುಮತಿ. ಸ್ಥಳೀಯವು ಹೆಚ್ಚಿದ್ದರೆ ತಡೆ.

ನಿಮ್ಮ ಹೊಳೆಯ ಕಥೆ ಇಷ್ಟು ಸರಳವಲ್ಲ. ಜಿಲೇಬಿ ಎಂದು ನೀವು ಕರೆಯುವ ತಿಲಾಪಿಯ ಆಫ್ರಿಕದ ಮೀನು, 1952ರಲ್ಲಿ ಭಾರತಕ್ಕೆ ತಂದದ್ದು. ಕಾಟ್ಲಾ, ರೋಹು, ಮೃಗಾಲ್ ಮೂಲತಃ ಗಂಗಾ ಬಯಲಿನವು. ಅವು ದಖ್ಖನ್ನಿನ ಕೆರೆ ಜಲಾಶಯಗಳಿಗೆ ಬಂದದ್ದು ಮರಿ ಬಿತ್ತನೆಯಿಂದ. ಮೇಲೆ ಉಜನಿ ಅಣೆಕಟ್ಟು, ಕೆಳಗೆ ಸಾಲು ಬ್ಯಾರೇಜುಗಳು. ತತ್ತಿಯಿಡಲು ಹರಿವ ನೀರೇ ಬೇಕಾದ ಮೀನಿಗೆ ನಿಂತ ನೀರು ಒಗ್ಗದು, ತಿಲಾಪಿಯಕ್ಕೆ ಅದೇ ಹಬ್ಬ. ಬಿಸಿಲಿನ ಪಾಲು ಇಲ್ಲವೆನ್ನಲಾಗದು: 20 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲುದಾದರೆ 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ, ಕಡಿಮೆ ಆಮ್ಲಜನಕವನ್ನು ತಿಲಾಪಿಯ ಇತರ ಹಲವು ಮೀನುಗಳಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ. ಆದರೂ ಬಿತ್ತನೆ ಮತ್ತು ಅಣೆಕಟ್ಟುಗಳ ಲೆಕ್ಕ ಮುಗಿಸದೆ ಬಿಸಿಲಿನ ಮೇಲೆ ಹೊರೆ ಹಾಕುವುದು ಆತುರವಾದೀತು.

ಕಾವೇರಿಯಲ್ಲಿ ಇದಕ್ಕೊಂದು ಪಾಠವೇ ಇದೆ. ಅಲ್ಲಿನ ಡುಬ್ಬದ ಮಹಶೀರ್ ಎಂಬ ದೊಡ್ಡ ಮೀನು ಕಡಿಮೆಯಾಗುತ್ತ, ದಖ್ಖನ್ ಮಹಶೀರ್ ಎಂಬ ಇನ್ನೊಂದು ಬಗೆ ಹೆಚ್ಚುತ್ತ ಹೋಯಿತು. ಹೆಚ್ಚಿದ ಮೀನಿನ ಮೂಲ ಲೋನಾವಳದ ಮರಿ ಕೇಂದ್ರದಿಂದ ತಂದು ಬಿಟ್ಟ ತಳಿಯೆಂಬುದು ಆಮೇಲೆ ತಿಳಿಯಿತು; ಡುಬ್ಬದ ಮಹಶೀರ್ ಬೇರೆಯೇ ಜಾತಿಯೆಂದು ದೇಹಲಕ್ಷಣ ಮತ್ತು ಡಿಎನ್‌ಎ ಎರಡನ್ನೂ ನೋಡಿ 2018ರಲ್ಲಿ ಖಚಿತಪಡಿಸಲಾಯಿತು. ಮೀನು ಬದಲಾದದ್ದು ಹವಾಮಾನದಿಂದಲ್ಲ, ಮನುಷ್ಯರ ಕೈಯಿಂದ. ಹಾಗೆ ಕಾವೇರಿಗೆ ಹೋದ ದಖ್ಖನ್ ಮಹಶೀರನ್ನು ಸೈಕ್ಸ್ ಎಂಬ ಆಂಗ್ಲ ಅಧಿಕಾರಿ 1839ರಲ್ಲಿ ಮೊದಲು ವರ್ಣಿಸಿದ್ದು ಪುಣೆಯ ಬಳಿಯ ಮುಳಾ-ಮುಠಾ ನದಿಯ ಮೀನನ್ನು ನೋಡಿ, ಅಂದರೆ ನಿಮ್ಮ ಭೀಮೆಗೇ ಬಂದು ಸೇರುವ ನೀರಿನಲ್ಲಿ.

ಪ್ರಶ್ನೆ: ಕಾರಂಜಾ ಜಲಾಶಯದ ಒಂದು ಬಾಟಲಿ ನೀರಿನಿಂದ ಅದರಲ್ಲಿ ಯಾವ ಮೀನುಗಳಿವೆ ಎಂದು ಹೇಳಬಹುದೇ?
– ಓದುಗರೊಬ್ಬರು, ಭಾಲ್ಕಿ

ಉತ್ತರ: ಬಹುಮಟ್ಟಿಗೆ ಹೇಳಬಹುದು. ಮೀನಿನ ಲೋಳೆ, ಮಲ, ಉದುರಿದ ಹುರುಪೆಗಳಿಂದ ಡಿಎನ್‌ಎ ನೀರಿಗೆ ಸೇರುತ್ತದೆ. ಆ ನೀರನ್ನು ಸೋಸುಹಾಳೆಯಲ್ಲಿ ಸೋಸಿ ಪರೀಕ್ಷಿಸುತ್ತಾರೆ. ಬಿಸಿಲಿನಲ್ಲಿ ಆ ಡಿಎನ್‌ಎ ಬೇಗ ಕೆಡುವುದರಿಂದ ದಡದಲ್ಲೇ ಸೋಸುವುದು ಲೇಸು. ಎಚ್ಚರವೂ ಬೇಕು: ಯಾರಾದರೂ ಪೇಟೆಯ ಮೀನು ತಂದು ಅದೇ ದಂಡೆಯಲ್ಲಿ ತೊಳೆದಿದ್ದರೆ ಅದರ ಡಿಎನ್‌ಎಯೂ ಬಾಟಲಿಯಲ್ಲಿರುತ್ತದೆ. ಜಾತಿಗಳ ಪಟ್ಟಿ ಸಿಕ್ಕೀತು. ಎಷ್ಟು ಮೀನುಗಳಿವೆ, ಎಷ್ಟು ವಯಸ್ಸಿನವು ಎಂಬುದಕ್ಕೆ ಬಲೆಯೇ ಗತಿ.

ಪ್ರಶ್ನೆ: ಮಂಗಳೂರಿನ ಬಂದರಿನಲ್ಲಿ ಕೆಲವು ವರ್ಷ ದುಡಿದು ಬಂದಿದ್ದೇನೆ. ಒಂದು ವರ್ಷ ಬೂತಾಯಿ ರಾಶಿ ರಾಶಿ, ಇನ್ನೊಂದು ವರ್ಷ ಇಲ್ಲವೇ ಇಲ್ಲ. ಅದು ಎಲ್ಲಿಗೆ ಹೋಗುತ್ತದೆ?
– ಓದುಗರೊಬ್ಬರು, ಗುರುಮಠಕಲ್

ಉತ್ತರ: ಎಲ್ಲವೂ ಎಲ್ಲಿಗೋ ‘ಹೋಗುತ್ತದೆ’ ಎನ್ನಲಾಗದು, ಹುಟ್ಟುವುದೇ ಕಡಿಮೆಯಾಗಿರಬಹುದು. ಹಿಂದೆ ಹೆಚ್ಚಾಗಿ ಕೇರಳ, ಕರ್ನಾಟಕದ ಕಡಲಲ್ಲಿದ್ದ ಬೂತಾಯಿ ಕಳೆದ ಕೆಲವು ದಶಕಗಳಲ್ಲಿ ಉತ್ತರಕ್ಕೂ ತಮಿಳುನಾಡು, ಆಂಧ್ರದ ಪೂರ್ವ ಕರಾವಳಿಗೂ ಹರಡಿದ್ದನ್ನು ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ದಾಖಲಿಸಿದೆ. ಕಡಲು ಬೆಚ್ಚಗಾದದ್ದು ಅದಕ್ಕೆ ಕೊಡುವ ಮುಖ್ಯ ಕಾರಣ. ಆದರೆ ಕೇರಳದಲ್ಲಿ 2012ರಲ್ಲಿ 3.9 ಲಕ್ಷ ಟನ್ನಿನಷ್ಟಿದ್ದ ಬೂತಾಯಿ ಇಳುವರಿ 2021ರಲ್ಲಿ ಮೂರೂವರೆ ಸಾವಿರ ಟನ್ನಿಗೂ ಕೆಳಗಿಳಿದದ್ದನ್ನು ಬರಿಯ ವಲಸೆಯಿಂದ ವಿವರಿಸಲಾಗದು. ಅದೇ ಸಂಸ್ಥೆ 2023ರಲ್ಲಿ ಬೂತಾಯಿಯ ಪೂರ್ಣ ಜೀನೋಮನ್ನು, ಅಂದರೆ ಅದರ ಇಡೀ ಡಿಎನ್‌ಎಯನ್ನು, ಓದಿ ಮುಗಿಸಿದೆ. ಪೂರ್ವದ ಬೂತಾಯಿ ಪಶ್ಚಿಮದಿಂದ ಹೋದದ್ದೋ, ಅಲ್ಲೇ ಇದ್ದ ಕೆಲವೇ ಮೀನುಗಳು ಬೆಳೆದು ಹೆಚ್ಚಿದ್ದೋ ಎಂಬಂಥ ಪ್ರಶ್ನೆಗಳನ್ನು ಈಗ ಹೆಚ್ಚು ಸೂಕ್ಷ್ಮವಾಗಿ ಕೇಳಬಹುದು.

ಪ್ರಶ್ನೆ: ನಾನು ಪ್ರಾಣಿಶಾಸ್ತ್ರದ ವಿದ್ಯಾರ್ಥಿನಿ. ಬಿಸಿಗೆ ಮೀನು ಜಾಗ ಬದಲಿಸುತ್ತದೆಯೇ, ತಾನೇ ಬದಲಾಗುತ್ತದೆಯೇ? ನಮ್ಮ ಜಿಲ್ಲೆಯಲ್ಲಿ ನಾನು ಏನಾದರೂ ಮಾಡಬಹುದೇ?
– ಓದುಗರೊಬ್ಬರು, ಶಹಾಪುರ

ಉತ್ತರ: ಎರಡೂ ಉಂಟು. ಅಲಾಸ್ಕಾದ ಆಕ್ ತೊರೆಯಲ್ಲಿ ತಡವಾಗಿ ವಲಸೆ ಬರುವ ಗುಲಾಬಿ ಸಾಲ್ಮನ್‌ಗಳಲ್ಲಿ 1979ರಲ್ಲಿ ಸಂಶೋಧಕರು ಒಂದು ವಂಶವಾಹಿ ಗುರುತನ್ನು ಬೇಕೆಂದೇ ಹೆಚ್ಚಿಸಿದ್ದರು. ಮುಂದೆ ತೊರೆ ಬೆಚ್ಚಗಾದಂತೆ ಮೀನುಗಳು ಸುಮಾರು ಎರಡು ವಾರ ಮುಂಚೆ ಬರತೊಡಗಿದವು, ಆ ಗುರುತೂ ಮೊದಲಿದ್ದುದರ ಮೂರನೇ ಒಂದು ಪಾಲಿಗಿಂತ ಕಡಿಮೆಯಾಯಿತು. ಅಂದರೆ ಮೀನುಗಳು ಅಭ್ಯಾಸವನ್ನಷ್ಟೇ ಬದಲಿಸಲಿಲ್ಲ, ತಡವಾಗಿ ಬರುವ ವಂಶವೇ ಕ್ಷೀಣಿಸಿತು. ಈ ಮೀನಿನ ಆಯುಸ್ಸು ಎರಡೇ ವರ್ಷವಾದ್ದರಿಂದ ಇಷ್ಟು ಬೇಗ ಕಾಣಿಸಿತು. ನಾವು ಇಷ್ಟಪಡುವ ಉದಾಹರಣೆ ಇದು, ಏಕೆಂದರೆ ಇಲ್ಲಿ ಬದಲಾವಣೆಗೂ ಮುಂಚಿನ ಗುರುತು ಕೈಯಲ್ಲಿತ್ತು.

ನಮ್ಮಲ್ಲಿ ಕೊರತೆ ಅದರದೇ. ನಾರ್ವೆಯಲ್ಲಿ 1907ರಲ್ಲಿ ತೆಗೆದಿಟ್ಟ ಕಾಡ್ ಹುರುಪೆಗಳಿಂದ ಡಿಎನ್‌ಎ ತೆಗೆದು ಇಂದಿನ ಮೀನುಗಳೊಡನೆ ಹೋಲಿಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಅಂಥ ಸಂಗ್ರಹಕ್ಕೆ ಯಂತ್ರಗಳು ಬೇಕಿಲ್ಲ. ನಾರಾಯಣಪುರ ಹಿನ್ನೀರಿನ ಮೀನುಗಾರರನ್ನು ಕೇಳಿ, ಅವರು ಹಿಡಿದ ಮೀನಿನ ಈಜುರೆಕ್ಕೆಯ ಅಂಚಿನಿಂದ ಉಗುರಿನಷ್ಟು ತುಣುಕನ್ನು ಕತ್ತರಿಸಿ, ಶುದ್ಧ ಸ್ಪಿರಿಟ್ (ಎಥನಾಲ್) ತುಂಬಿದ ಚಿಕ್ಕ ಟ್ಯೂಬಿಗೆ ಹಾಕಿ. ಪ್ರತಿ ಮೀನಿಗೂ ಕತ್ತರಿಯನ್ನು ಒರೆಸಿ ತೊಳೆಯಿರಿ. ನೀರಿನ ಉಷ್ಣತೆ, ದಿನಾಂಕ, ಸ್ಥಳ, ಆ ವರ್ಷ ಮರಿ ಬಿಟ್ಟಿದ್ದರೆ ಯಾವ ತಳಿ ಎಂಬುದನ್ನೂ ಬರೆದಿಡಿ. ಪರೀಕ್ಷೆಗಾಗಿ ನಿಮ್ಮ ಅಧ್ಯಾಪಕರ ಮೂಲಕ ಬೀದರಿನ ಪಶು ಮತ್ತು ಮೀನುಗಾರಿಕೆ ವಿಶ್ವವಿದ್ಯಾಲಯಕ್ಕೋ (ಅದರ ಮೀನುಗಾರಿಕೆ ಕಾಲೇಜು ಮಾತ್ರ ಕಡಲ ದಂಡೆಯ ಮಂಗಳೂರಿನಲ್ಲಿದೆ), ಲಖನೌದ ಮೀನು ವಂಶವಾಹಿ ಸಂಪನ್ಮೂಲ ಬ್ಯೂರೋಗೋ ಬರೆಯಬಹುದು. ಟ್ಯೂಬಿನೊಳಗಿನ ಚೀಟಿಯನ್ನು ಮಾತ್ರ ಪೆನ್ಸಿಲಿನಲ್ಲೇ ಬರೆಯಿರಿ. ಪೆನ್ನಿನ ಶಾಯಿ ಸ್ಪಿರಿಟಿನಲ್ಲಿ ಕರಗಿಹೋಗುತ್ತದೆ.