ಎಲೆಯೇ ಇಲ್ಲದ ವೇಪ್ ತಂಬಾಕು ಉತ್ಪನ್ನ ಹೇಗಾಯ್ತು?

ಅಮೆರಿಕದಲ್ಲಿರುವ ನಿಮ್ಮ ತಮ್ಮ ವೇಪ್ (ಇ-ಸಿಗರೇಟ್) ಸೇದುತ್ತಾನೆ, ಅದರಲ್ಲಿ ತಂಬಾಕಿನ ಎಲೆಯೇ ಇಲ್ಲದಿದ್ದರೂ ಸರ್ಕಾರ ಅದನ್ನು ತಂಬಾಕು ಉತ್ಪನ್ನ ಅನ್ನೋದು ಯಾಕೆ ಅಂತ ಕೇಳಿದ್ದೀರಿ. ಎಲೆ ಇಲ್ಲ, ಸರಿ. ಆದರೆ ಒಳಗಿರುವ ನಿಕೋಟಿನ್ ಬಹುಪಾಲು ಆ ಎಲೆಯಿಂದಲೇ ತೆಗೆದದ್ದು. ಅಮೆರಿಕದ 2009ರ ತಂಬಾಕು ನಿಯಂತ್ರಣ ಕಾಯ್ದೆಗೆ ಅಷ್ಟು ಸಾಕು.

ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಬೇರೆ ಇದೆ. ಅಲ್ಲಿನ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮೊದಲು ಇದನ್ನು ಅನುಮತಿ ಇಲ್ಲದ ಔಷಧಿ ಎಂದು ಆಮದು ತಡೆಯಲು ಹೊರಟಿತ್ತು. ಕೋರ್ಟಿಗೆ ಹೋದದ್ದು ವೇಪ್ ಕಂಪನಿಗಳೇ. ಚಿಕಿತ್ಸೆಗೆಂದು ಮಾರದಿದ್ದರೆ ಇದು ತಂಬಾಕು ಉತ್ಪನ್ನವೇ ಎಂದು 2010ರ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು; ಗೆದ್ದದ್ದು ಅವರೇ! 2016ರಲ್ಲಿ ವೇಪ್‌ಗಳನ್ನೂ ಆ ತಂಬಾಕು ಕಾಯ್ದೆಯಡಿ ತರುವ ನಿಯಮ ಬಂದಾಗ ಅದೇ ಉದ್ಯಮ ಅನ್ಯಾಯ ಅಂತ ಕೂಗಿದ್ದನ್ನು ನಾನಂತೂ ಒಪ್ಪಲಾರೆ. ಆಮೇಲೆ ಕೆಲವರು ಎಲೆಯಿಂದಲ್ಲದೆ ಪ್ರಯೋಗಾಲಯದಲ್ಲಿ ತಯಾರಿಸಿದ ನಿಕೋಟಿನ್ ಹಾಕಿ ನುಣುಚಿಕೊಳ್ಳಲು ನೋಡಿದರು. 2022ರಲ್ಲಿ ಆ ಕಿಂಡಿಯನ್ನೂ ಮುಚ್ಚಿದರು.

ಅವರ ಒಂದು ದೂರು ಮಾತ್ರ ನ್ಯಾಯವಾದದ್ದು. 2007ರ ಫೆಬ್ರವರಿ 15ಕ್ಕೆ ಮಾರುಕಟ್ಟೆಯಲ್ಲಿದ್ದ ಸಿಗರೇಟಿಗೆ ಹೊಸ ಅನುಮತಿ ಬೇಡ, ನಂತರ ಬಂದ ವೇಪ್‌ಗೆ ರಾಶಿ ದಾಖಲೆ ಬೇಕು. ಸುಡುವ ಸಿಗರೇಟಿನ ಹೊಗೆ ಹೆಚ್ಚು ಅಪಾಯಕಾರಿ ಎಂದು ಗೊತ್ತಿದ್ದೂ ಅದಕ್ಕೇ ಸುಲಭದ ದಾರಿ ಕೊಟ್ಟದ್ದು ತಪ್ಪು. ಹಾಗಂತ ಮಾವಿನಹಣ್ಣಿನ ರುಚಿ ಬೆರೆಸಿ ಶಾಲೆ ಮಕ್ಕಳ ಕೈಗೆ ಸಿಗುವಂತೆ ಬಿಡಲೂ ಆಗದು.

ಅಂದಹಾಗೆ, ನಿಮ್ಮ ತಮ್ಮ ಊರಿಗೆ ಬರುವಾಗ ಅದನ್ನು ತರುವುದು ಬೇಡ ಅನ್ನಿ. ನಮ್ಮಲ್ಲಿ 2019ರ ಕಾಯ್ದೆ ಪ್ರಕಾರ ಆಮದು, ಮಾರಾಟ ಎರಡೂ ನಿಷಿದ್ಧ.